ದಿಂಬಿಲ್ಲದ ಮನೆ

ನಾನು ದಿಂಬು ಹಾಕಿಕೊಂಡು ಮಲಗುವುದಿಲ್ಲ. ಕೆಲಸದ ಮೇಲೆ ಊರೂರು ತಿರುಗುವಾಗ ವಸತಿಗೃಹದ ಕೋಣೆಗೆ ಕಾಲಿಟ್ಟೊಡನೆ ಹಾಸಿಗೆಯ ಮೇಲಿನ ದಿಂಬುಗಳನ್ನೆಲ್ಲ ಎತ್ತಿ ಕುರ್ಚಿಯ ಮೇಲೆ ಒಟ್ಟುತ್ತೇನೆ. ನನ್ನ ಪ್ರಯೋಗಾಲಯದ ಹುಡುಗರು ಇದನ್ನು ಬೆನ್ನುನೋವಿನ ಪಥ್ಯ ಅಂದುಕೊಂಡಿದ್ದಾರೆ. ಅವರಿಗೆ ಇನ್ನೊಂದು ಪ್ರಶ್ನೆಯೂ ಇದೆ. ಪ್ಲಾಸ್ಟಿಕ್ ಸರ್ಜರಿ ವಿಭಾಗದಲ್ಲಿ ಸುಟ್ಟ ಚರ್ಮದ ಸಂಶೋಧನೆ ಮಾಡಿಕೊಂಡಿದ್ದ ನಾನು ಮೆದುಳಿನ ಗಡ್ಡೆಗಳ ಕಡೆಗೆ ಯಾಕೆ ಹೊರಳಿದೆ, ಚರ್ಮಕ್ಕೂ ಮೆದುಳಿಗೂ ಎಲ್ಲಿಯ ನಂಟು, ಎಂದು. ಸಭೆಗಳಲ್ಲಿ ನಾನು ಕೊಡುವ ಉತ್ತರದಲ್ಲಿ ಬಣ್ಣಬಣ್ಣದ ಚಿತ್ರಗಳಿರುತ್ತವೆ, ಜನ ತಲೆಯಾಡಿಸುತ್ತಾರೆ. ನಿಜವಾದ ಉತ್ತರ ಇರುವುದು ಹಾನಗಲ್ಲ ತಾಲ್ಲೂಕಿನ ತಿಳವಳ್ಳಿಯ ಒಂದು ಹಂಚಿನ ಮನೆಯಲ್ಲಿ. ನಾನು ಸಣ್ಣವಳಿದ್ದಾಗ ಆ ಮನೆಯಲ್ಲಿ ಹೆಚ್ಚುಕಮ್ಮಿ ಒಂದು ವರ್ಷ ಯಾರ ತಲೆಯ ಕೆಳಗೂ ದಿಂಬು ಇರಲಿಲ್ಲ.

ಮನೆ ದೊಡ್ಡದೇನಲ್ಲ. ಬೀದಿಗೆ ಪಡಸಾಲೆ, ಅದರ ಹಿಂದೆ ನಡುಮನೆ, ಪಕ್ಕದಲ್ಲಿ ಅಡುಗೆಮನೆ, ಅಡುಗೆಮನೆಯ ಮೇಲೆ ಬೆನ್ನು ಬಾಗಿಸಿಯೇ ಓಡಾಡಬೇಕಾದ ಅಟ್ಟ. ನಡುಮನೆಯ ಸೂರಿನಲ್ಲಿ ಒಂದೇ ಒಂದು ಗಾಜಿನ ಹಂಚಿತ್ತು, ಮನೆಯೊಳಗಿನ ಬೆಳಕೆಲ್ಲ ಅದರ ಉಪಕಾರ. ಇದ್ದವರು ಐದು ಜನ: ಅಪ್ಪನ ತಾಯಿಯಾದ ನಮ್ಮ ಆಯಿ, ಅಪ್ಪ, ಅವ್ವ, ಅಪ್ಪನ ಕೊನೆಯ ತಂಗಿ ನೀಲವ್ವ, ಅಂದರೆ ನನ್ನ ನೀಲತ್ತಿ, ಮತ್ತೆ, ಪ್ರಶ್ನೆ ಕೇಳಿ ಕೇಳಿ ಎಲ್ಲರ ತಲೆ ತಿನ್ನುತ್ತಿದ್ದ ನಾನು. ಭತ್ತದ ಹೊಲ, ಊರಾಚೆ ಸಣ್ಣದೊಂದು ಮಾವಿನ ತೋಟ. ಹೊಲ ಅಪ್ಪನದಾದರೂ ಮನೆಗೆ ಕಾನೂನು ಮಾಡುವವಳು ಆಯಿ. ಅವಳ ಎರಡು ಕಾನೂನುಗಳನ್ನು ಇಲ್ಲಿ ಹೇಳಲೇಬೇಕು. ಮೊದಲನೆಯದು ನೀರಿನದು. ಊಟದ ಸಾಲಿನ ನಡುವೆ ಒಂದು ತಾಮ್ರದ ತಂಬಿಗೆ ಇರುತ್ತಿತ್ತು. ಬೇಕಾದವರು ಅದನ್ನು ಎತ್ತಿ, ತುಟಿಗೆ ತಾಗಿಸದೆ, ಕತ್ತು ಹಿಂದಕ್ಕೆ ಚೆಲ್ಲಿ ಗಂಟಲಿಗೆ ನೀರು ಬಿಟ್ಟುಕೊಳ್ಳಬೇಕು. ಎಂಜಲು ಮಾಡಿದವರು ಹುಣಸೆಹುಳಿ ಹಚ್ಚಿ ತಂಬಿಗೆ ತಿಕ್ಕಬೇಕು. ಎರಡನೆಯದು ಪಥ್ಯದ್ದು. ಒಬ್ಬರಿಗೆ ಹೇಳಿದ ಪಥ್ಯ ಮನೆಮಂದಿಗೆಲ್ಲ ಪಥ್ಯ. ನನಗೆ ಕಾಮಣಿ, ಅಂದರೆ ಕಾಮಾಲೆ, ಆದಾಗ ಎಲ್ಲರೂ ಎಣ್ಣೆ, ಖಾರ ಬಿಟ್ಟು ಮಜ್ಜಿಗೆ ಅನ್ನ ಉಂಡರು. ಅಪ್ಪ ತಡೆಯಲಾರದೆ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ತಿಂದು ಬಂದ. ಆಯಿ ಬಾಗಿಲಲ್ಲೇ ವಾಸನೆ ಹಿಡಿದಳು, ಅಂದು ಅವನಿಗೆ ಮಜ್ಜಿಗೆ ಅನ್ನವೂ ಸಿಗಲಿಲ್ಲ.

“ಹಾಸಿಗ್ಯಾಗ ಬಿದ್ದಾಕಿ ಒಬ್ಬಾಕಿನ ಸಪ್ಪನ್ನ ಉಂಡ್ರ ಅದು ಶಿಕ್ಷಾ ಆಕ್ಕೈತಿ. ಎಲ್ಲಾರೂ ಉಂಡ್ರ ಅದು ಊಟ ಆಕ್ಕೈತಿ,” ಎನ್ನುವುದು ಅವಳ ಮಾತು.

ನಾಗರಪಂಚಮಿ ಹತ್ತಿರ ಬಂದು ಮನೆಯಲ್ಲಿ ಉಂಡಿ ಕಟ್ಟುವ ಗಡಿಬಿಡಿ ನಡೆದಿತ್ತು. ಅವ್ವ ಕಟ್ಟೆಯ ಮೇಲಿನ ಒಲೆಯ ಮುಂದೆ ನಿಂತು ಬೆಲ್ಲದ ಪಾಕದ ಹದ ನೋಡುತ್ತಿದ್ದಳು. ನೀಲತ್ತಿ ಕೆಳಗೆ ನೆಲದ ಮೇಲೆ ಕುಳಿತು ಹುರಿದ ಶೇಂಗಾದ ಸಿಪ್ಪೆ ತೆಗೆಯುತ್ತ, ಮುಖ ಮೇಲೆತ್ತಿ ಅವ್ವನಿಗೆ ಏನೋ ಹೇಳಿ ನಗುತ್ತಿದ್ದಳು. ಅವರಿಬ್ಬರೂ ಅತ್ತಿಗೆ ನಾದಿನಿಯರಿಗಿಂತ ಹೆಚ್ಚಾಗಿ ಗೆಳತಿಯರು. ಬೋಗುಣಿ ಇಳಿಸುವಾಗ ಅವ್ವನ ಕೈಯಲ್ಲಿದ್ದ ಅರಿವೆ ಜಾರಿತು. ಪಾಕ ನೀಲತ್ತಿಯ ಗದ್ದದಿಂದ ಎದೆಯವರೆಗೆ ಬಿತ್ತು. ಅದು ಬಿಸಿನೀರಿನಂತೆ ಹರಿದು ಹೋಗುವುದಿಲ್ಲ, ಅಂಟಿ ಕೂರುತ್ತದೆ. ನಾನು ಬಾಗಿಲಲ್ಲೇ ನಿಂತಿದ್ದೆ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಇವತ್ತಿಗೂ ಮನಸ್ಸಿಲ್ಲ.

ಹಾನಗಲ್ಲಿನಲ್ಲಿ ಪಟ್ಟಿ ಕಟ್ಟಿಸಿಕೊಂಡು ಬಂದ ಮೇಲೆ ನೀಲತ್ತಿಯನ್ನು ನಡುಮನೆಯಲ್ಲಿ ಮಲಗಿಸಿದರು. ಆಮೇಲೆ ಆ ಮನೆಯಲ್ಲಿ ಪ್ರೀತಿಯೆಲ್ಲ ದಿಂಬಿನ ರೂಪದಲ್ಲಿ ಹರಿಯಿತು. ಆಯಿ ತನ್ನ ದಿಂಬು ತಂದು ಅವಳ ತಲೆಯ ಕೆಳಗಿಟ್ಟಳು. ಅವ್ವ ಅದರ ಮೇಲೆ ತನ್ನದನ್ನು ಇಟ್ಟಳು. ತಲೆ ಮುಂದಕ್ಕೆ ಬಾಗಿದಷ್ಟೂ ಹಸಿ ಗಾಯ ಬಿಗಿಯುತ್ತಿರಲಿಲ್ಲ, ನೋವು ಕಡಿಮೆಯಾಗುತ್ತಿತ್ತು, ಅವಳು ನಿದ್ದೆ ಮಾಡುತ್ತಿದ್ದಳು. ಅವಳು ನಿದ್ದೆ ಮಾಡಿದರೆ ಎಲ್ಲರಿಗೂ ಸಮಾಧಾನ. ತಿಂಗಳುಗಳು ಕಳೆದು ಗಾಯ ಮಾಯಿತು, ಆಯಿ ದೇವರಿಗೆ ಕಾಯಿ ಒಡೆಸಿದಳು. ಆದರೆ ಮಾಯುತ್ತ ಮಾಯುತ್ತ ಚರ್ಮ ಗಟ್ಟಿಯಾಗಿ ಎಳೆದುಕೊಂಡು ಗದ್ದವನ್ನು ಎದೆಗೆ ತಂದು ಕೂಡಿಸಿತ್ತು. ನೀಲತ್ತಿಗೆ ತಲೆ ಎತ್ತಲು ಬರುತ್ತಿರಲಿಲ್ಲ. ಕೆಳದುಟಿ ಜಗ್ಗಿಕೊಂಡು ಬಾಯಿ ಪೂರ್ತಿ ಮುಚ್ಚುತ್ತಿರಲಿಲ್ಲ. ಎದುರಿಗೆ ಬಂದವರ ಕಾಲು ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ.

ತಂಬಿಗೆ ಎತ್ತಿ ಕುಡಿಯುವುದು ಅವಳಿಂದ ಆಗದ ಮಾತಾಯಿತು. ಆಯಿ ಹಾನಗಲ್ಲ ಸಂತೆಯಿಂದ ಒಂದು ಸ್ಟೀಲಿನ ಲೋಟ ತಂದಳು. ಪ್ರೀತಿಯಿಂದಲೇ ತಂದಳು, ಅದರ ಮೇಲೆ ನೀಲವ್ವ ಎಂದು ಹೆಸರು ಕೆತ್ತಿಸಿದ್ದಳು. ಎಲ್ಲರಿಗೂ ಒಂದು ತಂಬಿಗೆ, ಅವಳಿಗೊಂದು ಲೋಟ. ಅದರಲ್ಲಿ ಕುಡಿದಾಗಲೂ ಅರ್ಧ ನೀರು ಸೆರಗಿನ ಮೇಲೆ ಬೀಳುತ್ತಿತ್ತು. ನೀಲತ್ತಿ ಯಾರ ಮುಂದೆಯೂ ಅಳಲಿಲ್ಲ. ಒಂದು ದಿನ ಹಿತ್ತಲಲ್ಲಿ ಲೋಟ ತೊಳೆಯುತ್ತ ನನಗೆ ಮಾತ್ರ ಹೇಳಿದಳು:

“ನೋಡ್ತಿರು ನೀನು. ನಾ ಒಂದಿನ ಆ ತಂಬಗಿ ಎತ್ತೇ ಕುಡೀತೇನಿ.”

ಅಷ್ಟರಲ್ಲಿ ಹಿರೇಕೆರೂರಿನಿಂದ ಒಂದು ಮನೆಯವರು ಹೆಣ್ಣು ನೋಡಲು ಬಂದರು. ಮಾತು ತಂದ ಹಿರಿಯರು ಅವರಿಗೆ ಏನು ಹೇಳಿದ್ದರೋ, ಏನು ಬಿಟ್ಟಿದ್ದರೋ. ಸೆರಗನ್ನು ಕತ್ತಿನ ಸುತ್ತ ಬಿಗಿಯಾಗಿ ಹೊದಿಸಿ ನೀಲತ್ತಿಯನ್ನು ಪಡಸಾಲೆಯಲ್ಲಿ ಕೂಡಿಸಿದರು. ಬಂದವರಿಗೆ ಹುಡುಗಿ ಬಹಳ ಹಿಡಿಸಿತು. ಹುಡುಗನ ತಾಯಿ, ಇಷ್ಟು ಹೊತ್ತಾದರೂ ತಲೆ ಎತ್ತಲಿಲ್ಲ ನೋಡಿ, ಇಂಥ ಮರ್ಯಾದೆಯ ಹುಡುಗಿಯನ್ನು ಈಗಿನ ಕಾಲದಲ್ಲಿ ಎಲ್ಲಿಂದ ತರುವುದು, ಎಂದು ಹೊಗಳಿದಳು. ಅಪ್ಪ ಗೋಡೆ ನೋಡಿದ. ಆಯಿ ಅವಲಕ್ಕಿಯ ತಟ್ಟೆಗಳನ್ನು ಅತ್ತಿಂದಿತ್ತ ಸರಿಸಿದಳು. ಮಾತುಕತೆ ಗಟ್ಟಿಯಾಗುವ ಹೊತ್ತಿಗೆ ನೀಲತ್ತಿಯೇ ಕೈಯೆತ್ತಿ ಸೆರಗು ಸಡಿಲಿಸಿದಳು.

“ನಾ ಮರ್ಯಾದಿಗೆ ತಲಿ ಬಗ್ಗಿಸಿ ಕುಂತಿಲ್ರಿ. ನನ್ನ ತಲಿ ಮ್ಯಾಲೆ ಏಳಂಗಿಲ್ಲ. ನೋಡ್ರಿ, ನೋಡೇ ಹೋಗ್ರಿ.”

ಅವರು ಅವಲಕ್ಕಿ ಅಲ್ಲೇ ಬಿಟ್ಟು ಎದ್ದರು. ಆಯಿ ಎರಡು ದಿನ ಮಗಳ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ಬೆಳಗ್ಗೆ ಅಪ್ಪ ಯಾರನ್ನೂ ಕೇಳದೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಹೊರಡಿ ಎಂದ. ನನ್ನನ್ನು ಬಿಟ್ಟು ಹೋಗಲು ಜಾಗವಿಲ್ಲದ್ದರಿಂದ ನಾನೂ ಹೊರಟೆ.

ಅಲ್ಲಿಯ ಡಾಕ್ಟರು ನಮ್ಮ ಕಡೆಯವರೇ, ಮಾತು ನೆಟ್ಟಗೆ. ನೀಲತ್ತಿಯ ಕತ್ತನ್ನು ಬೆರಳಿಂದ ಒತ್ತಿ ನೋಡಿ, ಗಾಯ ಮಾಯುವಾಗ ತಲೆಗೆ ದಿಂಬು ಕೊಟ್ಟಿದ್ದಿರಾ ಎಂದು ಕೇಳಿದರು. ಒಂದಲ್ಲ ಎರಡು ಕೊಟ್ಟೆವು, ನಮ್ಮ ತಲೆಗಿಲ್ಲದಂತೆ ಕೊಟ್ಟೆವು, ಎಂದು ಆಯಿ ಹೆಮ್ಮೆಯಿಂದಲೇ ಹೇಳಿದಳು.

“ಹಸಿ ಚರ್ಮಾ ಎಳಕೋತೈತ್ರಿ ಯಮ್ಮಾ. ನೀವು ಹೆಂಗ ಮಲಗಸ್ತೀರಿ ಹಂಗ ಕೂಡಿ ಬಿಡ್ತೈತಿ. ಈ ಕುತ್ತಿಗಿ ಹಿಂಗ ಮಾಡಿದ್ದು ಪಾಕ ಅಲ್ಲ, ದಿಂಬು.”

ಆಯಿಯ ಮುಖ ನನಗೆ ಇನ್ನೂ ಕಣ್ಣ ಮುಂದಿದೆ. ಅವಳು ಹಿಂದಕ್ಕೆ ಸರಿದು ಬೆಂಚಿನ ಮೇಲೆ ಕುಳಿತಳು. ಡಾಕ್ಟರು ಮುಂದಿನದನ್ನು ಹೇಳಿದರು. ಎಳೆದುಕೊಂಡ ಚರ್ಮವನ್ನು ಕೊಯ್ದು ಬಿಡಿಸಬೇಕು, ಬಿಟ್ಟುಕೊಂಡ ಜಾಗಕ್ಕೆ ಅವಳದೇ ತೊಡೆಯಿಂದ ತೆಳ್ಳಗೆ ಚರ್ಮ ತೆಗೆದು ಕಸಿ ಮಾಡಬೇಕು. ಅಲ್ಲಿಯವರೆಗೆ ಬಾಗಿಲ ಬಳಿ ನಿಂತಿದ್ದ ಅವ್ವ ಮೇಜಿನ ಹತ್ತಿರ ಬಂದಳು.

“ಸಾಹೇಬ್ರ, ಆಕಿ ತೊಡಿ ಯಾಕ ಕೊಯ್ತೀರಿ. ನನ್ನ ಚರ್ಮಾ ತಗೋರಿ. ಪಾಕ ಚೆಲ್ಲಿದಾಕಿ ನಾನು.”

ಪಂಚಮಿಯಿಂದ ಅಂದಿನವರೆಗೆ ನಮ್ಮ ಮನೆಯಲ್ಲಿ ಯಾರೂ ಆ ಮಾತು ಆಡಿರಲಿಲ್ಲ. ಯಾರೂ ಅವಳನ್ನು ಬೈದಿರಲಿಲ್ಲ, ಅದಕ್ಕೇ ಅವಳು ಅದನ್ನು ಒಬ್ಬಳೇ ಹೊತ್ತುಕೊಂಡು ತಿರುಗುತ್ತಿದ್ದಳು. ಅಪ್ಪ ಅವಳ ಪರವಾಗಿ ನಿಂತ. ಮಾವಿನ ಗಿಡಕ್ಕೆ ಬೇರೆ ಗಿಡದ ಟೊಂಗೆ ತಂದು ಕಸಿ ಕಟ್ಟುತ್ತೇವೆ, ಹುಳಿಮಾವಿಗೆ ಆಪೂಸು ಕಟ್ಟಿದರೂ ಹಿಡಿಯುತ್ತದೆ, ಮನುಷ್ಯರಿಗೆ ಯಾಕೆ ಹಿಡಿಯುವುದಿಲ್ಲ ಎಂದು ಕೇಳಿದ. ಡಾಕ್ಟರು ನಗಲಿಲ್ಲ. ಗಿಡ ಒಪ್ಪುತ್ತದೆ, ಮೈ ಒಪ್ಪುವುದಿಲ್ಲ, ಬೇರೆಯವರ ಚರ್ಮ ಹಚ್ಚಿದರೆ ಸ್ವಲ್ಪ ದಿನ ಹಿಡಿದಂತೆ ಮಾಡಿ ಉದುರಿಬಿಡುತ್ತದೆ, ಎಂದರು. ನನಗೆ ಬಾಯಿ ಕಟ್ಟಿಕೊಂಡಿರಲು ಆಗಲಿಲ್ಲ.

“ಮೈಗೆ ಹೆಂಗ ಗೊತ್ತಾಕ್ಕೈತ್ರಿ, ಅದು ನಮ್ಮವ್ವನ ಚರ್ಮಾ ಅಂತ?”

ನನ್ನ ಪ್ರಶ್ನೆಗಳಿಗೆ ಮನೆಯಲ್ಲಿ ಸಿಗುತ್ತಿದ್ದ ಉತ್ತರ ತಲೆಗೊಂದು ಮೊಟಕು. ಈ ಡಾಕ್ಟರು ನನ್ನ ಕಡೆ ತಿರುಗಿ, ಅದರಲ್ಲಿ ಗೊತ್ತಿದ್ದದ್ದು ಸ್ವಲ್ಪ, ಗೊತ್ತಿಲ್ಲದ್ದೇ ಬಹಳ, ಎಂದರು. ದೊಡ್ಡವರು, ಅದರಲ್ಲೂ ಕೋಟು ಹಾಕಿಕೊಂಡ ದೊಡ್ಡವರು, ಗೊತ್ತಿಲ್ಲ ಅನ್ನಬಹುದೆಂದು ನನಗೆ ತಿಳಿದದ್ದು ಆವತ್ತು. ಗೊತ್ತಿಲ್ಲವಾದರೆ ನಾನು ತಿಳಿದುಕೊಳ್ಳುತ್ತೇನೆ ಎಂದು ಹಟ ಹುಟ್ಟಿದ್ದೂ ಅಲ್ಲೇ. ಆ ಹಟ ನನ್ನನ್ನು ಮೊದಲು ಸುಟ್ಟ ಚರ್ಮದ ಕಡೆಗೆ ಒಯ್ದಿತು. ಗಾಯದ ಅಂಚಿನ ಜೀವಕೋಶಗಳು ಯಾಕೆ ಎಳೆಯುತ್ತವೆ, ಎಳೆಯುವುದನ್ನು ನಿಲ್ಲಿಸುವುದು ಹೇಗೆ ಎಂದು ಎಷ್ಟೋ ವರ್ಷ ಅದರಲ್ಲೇ ಕಳೆದೆ. ಅಲ್ಲಿದ್ದಾಗಲೇ, ಬೇರೆ ವಿಭಾಗದ ಗೆಳತಿಯೊಬ್ಬಳ ಸೂಕ್ಷ್ಮದರ್ಶಕದಲ್ಲಿ ಮೆದುಳಿನ ಗಡ್ಡೆಯ ತೆಳುವಾದ ಪದರವೊಂದನ್ನು ನೋಡಿದೆ. ದೇಹದ ಕಾವಲಿನ ಜೀವಕೋಶಗಳು ಗಡ್ಡೆಯ ಸುತ್ತಲೇ ಇದ್ದವು, ಆದರೆ ಸುಮ್ಮನಿದ್ದವು. ನನಗೆ ಸಿಟ್ಟು ಬಂತು, ಇದನ್ನು ಮುಚ್ಚಿಡುವುದಿಲ್ಲ. ಅವ್ವ ಕೈಯಾರೆ ಕೊಡಲು ಬಂದ ಚರ್ಮವನ್ನು ಪರರದೆಂದು ದೂಡುವ ಮೈ, ತನ್ನನ್ನೇ ತಿನ್ನುವ ಗಡ್ಡೆಯನ್ನು ನಮ್ಮದೇ ಎಂದು ಸಾಕುತ್ತದಲ್ಲ. ಅಂದಿನಿಂದ ನನ್ನ ಕೆಲಸ ಅದೇ: ಆ ಕಾವಲನ್ನು ಸುಮ್ಮನಾಗಿಸಿದವರು ಯಾರು, ಎಬ್ಬಿಸುವುದು ಹೇಗೆ.

ನೀಲತ್ತಿಯದೇ ತೊಡೆಯ ಚರ್ಮದಿಂದ ಕಸಿ ಮುಗಿಸಿ ಅವಳನ್ನು ಮನೆಗೆ ಕಳಿಸುವಾಗ ಡಾಕ್ಟರು ಎಲ್ಲರನ್ನೂ ಕೂಡಿಸಿ ಎಚ್ಚರಿಸಿದರು. ಕಸಿ ಮಾಡಿದ ಚರ್ಮವೂ ಎಳೆದುಕೊಳ್ಳಲು ನೋಡುತ್ತದೆ. ತಿಂಗಳುಗಟ್ಟಲೆ ತಲೆಯ ಕೆಳಗೆ ಏನೂ ಇಡಬಾರದು. ಭುಜದ ಕೆಳಗೆ ಅರಿವೆಯ ಸುರುಳಿ ಇಟ್ಟು ಕತ್ತು ಹಿಂದಕ್ಕೆ ಚಾಚಿಯೇ ಮಲಗಬೇಕು, ಪಟ್ಟಿ ಕಟ್ಟಬೇಕು, ಎಣ್ಣೆ ತಿಕ್ಕಬೇಕು. ಮತ್ತೆ ಬಾಗಿದ ಕತ್ತು ಹೊತ್ತು ಬರುವವರೆಲ್ಲ ಕರುಣೆಯುಳ್ಳ ಮನೆಯಿಂದಲೇ ಬರುತ್ತಾರೆ, ಎಂದರು. ಅದು ಎಷ್ಟು ಖರೆ ಎಂದು ಮೊದಲ ವಾರವೇ ತಿಳಿಯಿತು. ನಡುಮನೆಯಲ್ಲಿ ಮಲಗಿದ ನೀಲತ್ತಿ ನೋವಿಗೆ ಹಲ್ಲು ಕಚ್ಚುವಳು, ಕಣ್ಣಂಚಿನಿಂದ ನೀರು ಕಿವಿಗೆ ಇಳಿಯುವುದು. ಒಂದು ಮಧ್ಯಾಹ್ನ ಆಯಿ ದಿಂಬನ್ನು ಎದೆಗೆ ಅವುಚಿಕೊಂಡು ಬಂದು ಅವಳ ತಲೆಯ ಬಳಿ ನಿಂತಳು. ಸ್ವಲ್ಪ ಹೊತ್ತು, ಒಂದೇ ಸ್ವಲ್ಪ ಹೊತ್ತು, ಎಂದು ಅವಳ ಮುಖವೇ ಹೇಳುತ್ತಿತ್ತು.

ನೀಲತ್ತಿ ಕಣ್ಣು ಮುಚ್ಚಿಕೊಂಡೇ ತನ್ನ ತಾಯಿಗೆ ಅಂದಳು: “ಅವ್ವಾ, ಕೊಡಬ್ಯಾಡ. ನೀ ಕೊಟ್ರ ನಾ ಬ್ಯಾಡ ಅನ್ನಂಗಿಲ್ಲ.”

ಆಯಿ ಆ ದಿಂಬನ್ನು ಹೊತ್ತುಕೊಂಡೇ ಮನೆಯೆಲ್ಲ ತಿರುಗಿದಳು. ಅಪ್ಪನ ದಿಂಬು, ಅವ್ವನದು, ನನ್ನ ಸಣ್ಣದು, ಬೀಗರಿಗೆಂದು ಟ್ರಂಕಿನಲ್ಲಿಟ್ಟಿದ್ದ ಕಸೂತಿಯ ದಿಂಬು, ಎಲ್ಲವನ್ನೂ ಹಳೆಯ ಧೋತರದಲ್ಲಿ ಗಂಟು ಕಟ್ಟಿ ಅಪ್ಪನಿಂದ ಅಟ್ಟಕ್ಕೆ ಹಾಕಿಸಿದಳು, ಏಣಿಯನ್ನು ಕೊಟ್ಟಿಗೆಗೆ ಸಾಗಿಸಿದಳು. ಇನ್ನು ಈ ಮನೆಗೆ ದಿಂಬಿನ ಪಥ್ಯ, ಎಂದಳು. ಮೊದಲ ದಿನಗಳಲ್ಲಿ ಎಲ್ಲರ ಕತ್ತೂ ಹಿಡಿದುಕೊಂಡು, ನಾವು ಒಬ್ಬರನ್ನೊಬ್ಬರು ನೋಡಲು ಮೈ ಪೂರ್ತಿ ತಿರುಗಿಸಬೇಕಾಗುತ್ತಿತ್ತು. ಅಪ್ಪ ಅಂಗಿ ಸುತ್ತಿ ತಲೆಯ ಕೆಳಗಿಟ್ಟುಕೊಂಡು ಸಿಕ್ಕಿಬಿದ್ದ. ಭಜಿಯಷ್ಟೇ ದೊಡ್ಡ ಅಪರಾಧವಾಯಿತು.

ಹೊಸ ಕಾನೂನಿಗೆ ನಿಜವಾದ ಪರೀಕ್ಷೆ ಬಂದದ್ದು ಯಲವಿಗಿ ಮಾಮಾನಿಂದ. ಅವನು ನಮ್ಮ ದೊಡ್ಡತ್ತಿಯ ಗಂಡ, ಆಯಿಯ ಹಿರಿಯ ಅಳಿಯ, ಕಾಳಿನ ವ್ಯಾಪಾರಿ. ಬರುವಾಗ ಸವಣೂರಿನ ವೀಳ್ಯದೆಲೆಯ ಕಟ್ಟು ತರುತ್ತಿದ್ದ, ಅದಕ್ಕೆ ಬದಲಾಗಿ ಮನೆಯೆಲ್ಲ ತನ್ನ ಸುತ್ತ ತಿರುಗಬೇಕೆಂದು ಬಯಸುತ್ತಿದ್ದ. ಹೋಳಿಗೆ ಉಂಡು ಪಡಸಾಲೆಯಲ್ಲಿ ಅಡ್ಡಾಗಿ ದಿಂಬು ಕೇಳಿದ. ಇಲ್ಲ ಎಂದಾಗ ತಮಾಷೆ ಅಂದುಕೊಂಡ. ಅಟ್ಟದ ಮೇಲಿದೆ, ಕೆಳಗೆ ಬರುವುದಿಲ್ಲ ಎಂದು ಗೊತ್ತಾದಾಗ ಎದ್ದು ಕುಳಿತ. ಅಳಿಯನ ತಲೆಗೆ ಒಂದು ದಿಂಬು ಕೊಡಲಾರದ ಮನೆ ಎಂದು ಬೀದಿಗೆ ಕೇಳುವಂತೆ ಅಂದು, ಚಪ್ಪಲಿ ಮೆಟ್ಟಿಕೊಂಡ. ಅವನ ಜೊತೆಗೆ ಬಂದಿದ್ದ ದೊಡ್ಡತ್ತಿ ಅಳುತ್ತ ಅಡುಗೆಮನೆಗೆ ಬಂದು, ಅರ್ಧ ತಾಸಿನ ಮಟ್ಟಿಗೆ ಒಂದನ್ನು ಇಳಿಸು ಎಂದು ತಾಯಿಯನ್ನು ಬೇಡಿಕೊಂಡಳು. ಅಳಿಯನ ಎದುರು ಯಾವಾಗಲೂ ತಗ್ಗಿದ ದನಿಯಲ್ಲಿ ಮಾತಾಡುವವಳು ಆಯಿ. ಅವಳು ಪಡಸಾಲೆಯ ಬಾಗಿಲಿಗೆ ಬಂದು ನಿಂತಳು.

“ನಿಮಗ ಇವತ್ತ ಇಳಿಸಿಕೊಟ್ರ ನಾಳೆ ನನ್ನ ಮಗಳಿಗೆ ಕೊಡೂ ಮನಸ್ಸಾಕ್ಕೈತ್ರಿ. ನನ್ನ ಮನಸ್ಸು ನನಗ ಗೊತ್ತೈತಿ. ಸಿಟ್ಟು ಮಾಡಿದ್ರೂ ಚಿಂತಿಲ್ಲ, ಇಲ್ಲಂದ್ರ ಇಲ್ಲ.”

ಮಾಮಾ ಸಿಕ್ಕ ಬಸ್ಸು ಹಿಡಿದು ಹೋದ. ಕೆಲವು ತಿಂಗಳು ಮುನಿಸಿನಲ್ಲಿದ್ದು, ಆಮೇಲೆ ಒಂದು ದಿನ ಎಲೆಯ ಕಟ್ಟಿನೊಂದಿಗೆ ತಾನಾಗಿಯೇ ಬಂದ. ಉಂಡು, ಪಡಸಾಲೆಯ ಚಾಪೆಯ ಮೇಲೆ ಬರಿತಲೆಯಲ್ಲಿ ಮಲಗಿ, ಎಲ್ಲರಿಗೂ ಕೇಳಿಸುವಂತೆ ಗೊರಕೆ ಹೊಡೆದ.

ದಿನವೂ ಮಧ್ಯಾಹ್ನ ಅವ್ವ ನೀಲತ್ತಿಯ ಕತ್ತಿಗೆ ಕೊಬ್ಬರಿಎಣ್ಣೆ ತಿಕ್ಕುತ್ತಿದ್ದಳು. ನೀಲತ್ತಿ ಭುಜದ ಕೆಳಗೆ ಕೌದಿಯ ಸುರುಳಿ ಇಟ್ಟುಕೊಂಡು, ತಲೆ ಹಿಂದಕ್ಕೆ ಚಾಚಿ, ಸೂರಿನ ಗಾಜಿನ ಹಂಚನ್ನು ನೋಡುತ್ತ ಮಲಗಬೇಕು. ತಿಕ್ಕಿ ಮುಗಿದ ಮೇಲೆ ಅವಳ ಗದ್ದಕ್ಕೂ ಎದೆಗೂ ನಡುವೆ ನನ್ನ ಕೈ ಇಟ್ಟು ಅಳೆಯುವುದು ನನ್ನ ಕೆಲಸ. ಮೊದಮೊದಲು ಮುಷ್ಟಿ ಹಿಡಿಸುತ್ತಿತ್ತು, ಆಮೇಲೆ ಗೇಣಿನ ಹತ್ತಿರ ಬಂತು. ಚಳಿ ಶುರುವಾದಾಗ ಚರ್ಮ ಮತ್ತೆ ಬಿಗಿದು, ಬಂದ ಜಾಗ ಹಿಂದಕ್ಕೆ ಹೋಯಿತು. ಅವತ್ತು ಸುಳ್ಳು ಹೇಳೋಣವೆನಿಸಿತ್ತು, ನೀಲತ್ತಿ ನನ್ನ ಮುಖ ನೋಡಿಯೇ ತಿಳಿದುಕೊಂಡಳು. ಎದ್ದವಳೇ ಹೆಸರಿದ್ದ ಲೋಟವನ್ನು ಹಿತ್ತಲಿಗೆ ಎಸೆದಳು. ಸ್ವಲ್ಪ ಹೊತ್ತಿನ ಮೇಲೆ ತಾನೇ ಹೋಗಿ ಹೆಕ್ಕಿ ತಂದು, ತೊಳೆದು, ಅದರಲ್ಲೇ ನೀರು ಕುಡಿದು, ಅವ್ವನಿಗೆ ಇನ್ನೊಂದು ಸಲ ತಿಕ್ಕಲು ಹೇಳಿದಳು. ಪ್ರಯೋಗ ಕೆಟ್ಟ ದಿನ ನನ್ನ ಹುಡುಗರು ಮುಖ ಸಣ್ಣದು ಮಾಡಿ ನಿಂತಾಗ ನನಗೆ ಆ ಲೋಟ ನೆನಪಾಗುತ್ತದೆ. ನೀಲತ್ತಿ ಈಗ ಹಿರೇಕೆರೂರಿನಲ್ಲಿ ಮೊಮ್ಮಕ್ಕಳನ್ನು ಗದರಿಸಿಕೊಂಡು ಇದ್ದಾಳೆ. ಅವಲಕ್ಕಿ ಬಿಟ್ಟು ಎದ್ದುಹೋದ ಮನೆಯಲ್ಲ, ಬೇರೆ ಮನೆ. ಫೋನು ಮಾಡಿದಾಗಲೆಲ್ಲ, ಅವ್ವನ ಚರ್ಮದ ಪ್ರಶ್ನೆಗೆ ಉತ್ತರ ಸಿಕ್ಕಿತೇ ಎಂದು ಕೇಳುತ್ತಾಳೆ. ಅರ್ಧ ಸಿಕ್ಕಿದೆ ಎನ್ನುತ್ತೇನೆ. ಹಾಗಾದರೆ ಫೋನು ಇಡು, ಕೆಲಸ ಮಾಡು, ಎನ್ನುತ್ತಾಳೆ.

ಆ ಚಳಿಗಾಲದ ಕೊನೆಗೆ, ಮಾವಿಗೆ ಹೂ ಬಂದ ದಿನಗಳಲ್ಲಿ, ಒಂದು ಮಧ್ಯಾಹ್ನ ನಾವೆಲ್ಲ ಊಟಕ್ಕೆ ಕುಳಿತಿದ್ದೆವು.  ಅವ್ವ ಸಾರು ಬಡಿಸುತ್ತಿದ್ದಳು. ನೀಲತ್ತಿ ತನ್ನ ಲೋಟವನ್ನು ಪಕ್ಕಕ್ಕೆ ಸರಿಸಿ, ಸಾಲಿನ ನಡುವಿದ್ದ ತಂಬಿಗೆಗೆ ಕೈ ಹಾಕಿದಳು. ಯಾರಿಗೂ ಹೇಳಿರಲಿಲ್ಲ. ಎರಡೂ ಕೈಯಲ್ಲಿ ಎತ್ತಿ, ಕಣ್ಣು ಮುಚ್ಚಿ, ಕತ್ತನ್ನು ಹಿಂದಕ್ಕೆ ಒಯ್ದಳು. ಮೊದಲ ನೀರು ಮೂಗಿನ ಮೇಲೆ ಬಿದ್ದು ಕೆಮ್ಮಿದಳು. ತಂಬಿಗೆ ಕೆಳಗಿಡಲಿಲ್ಲ. ಮತ್ತೆ ಎತ್ತಿದಳು. ಈ ಸಲ ನೀರು ಗಂಟಲಿಗೆ ನೆಟ್ಟಗೆ ಇಳಿಯಿತು, ಇಳಿಯುವ ಸದ್ದು ನಮಗೆಲ್ಲ ಕೇಳಿಸಿತು. ಸಾರಿನ ಸೌಟು ಹಿಡಿದ ಅವ್ವ ನಿಂತಲ್ಲೇ ನಿಂತಿದ್ದಳು. ನೀಲತ್ತಿ ತಂಬಿಗೆಯನ್ನು ಪೂರ್ತಿ ಖಾಲಿ ಮಾಡಿ ನೆಲಕ್ಕಿಟ್ಟಳು. ತುಟಿ ತಾಗಿರಲಿಲ್ಲ.

ಆಯಿ ನೀಲತ್ತಿಯ ಹೆಸರಿದ್ದ ಲೋಟವನ್ನು ಎತ್ತಿಕೊಂಡು ಅಕ್ಕಿಯ ಡಬ್ಬಿಯೊಳಗೆ ಅಳತೆಗೆಂದು ಹಾಕಿದಳು. ಆಮೇಲೆ ಅವ್ವನ ಕಡೆ ತಿರುಗಿ, ಏಣಿ ತರಿಸಿ ಗಂಟು ಇಳಿಸು, ಎಂದಳು. ಗಂಟು ಬಿಚ್ಚಿದರೆ ಒಂದು ದಿಂಬಿನ ಮೂಲೆಯನ್ನು ಇಲಿ ಕಡಿದಿತ್ತು, ನಡುಮನೆಯೆಲ್ಲ ಅರಳೆ. ಅಪ್ಪ ತನ್ನದನ್ನು ಎತ್ತಿಕೊಂಡು ಪಡಸಾಲೆಗೆ ಓಡಿದ. ಆಯಿ ತನ್ನದನ್ನು ತಟ್ಟಿ ತಟ್ಟಿ ಧೂಳು ತೆಗೆದು ಅಲ್ಲೇ ಅಡ್ಡಾದಳು. ಅವ್ವ ಮಾತ್ರ ತನ್ನ ದಿಂಬನ್ನು ಮುಟ್ಟಲಿಲ್ಲ. ಬರಿ ಚಾಪೆಯ ಮೇಲೆ, ಗೋಡೆಗೆ ಮುಖ ಮಾಡಿ ಮಲಗಿದಳು. ಅವಳ ಪಥ್ಯ ಮುಗಿದಿಲ್ಲ ಎಂದು ನನಗೂ ಗೊತ್ತಾಯಿತು, ಅವಳ ಬೆನ್ನಿಗೆ ನಾನೂ ದಿಂಬಿಲ್ಲದೆ ಮಲಗಿಕೊಂಡೆ.

ನೀಲತ್ತಿ ಬಂದು ಅವ್ವನ ತಲೆಯ ಬಳಿ ಕಾಲು ಚಾಚಿ ಕುಳಿತಳು.

“ವೈನಿ, ತಲಿ ಇಲ್ಲಿ ಇಡು.”

“ಬ್ಯಾಡ ನೀಲವ್ವ. ಅದು ಚರ್ಮಾ ತಗದ ತೊಡಿ.”

“ಅದು ಮಾಯೇತಿ. ಇಡು.”

ಅವ್ವ ಅಲುಗಲಿಲ್ಲ. ನೀಲತ್ತಿಯೇ ಎರಡೂ ಕೈಯಿಂದ ಅವಳ ತಲೆ ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು. ನೀಲತ್ತಿ ಅವಳ ಮುಖ ನೋಡಲು ಕತ್ತು ಬಾಗಿಸಿದಳು, ಬಹಳ ಹೊತ್ತು ನೋಡಿದಳು, ಆಮೇಲೆ ತಲೆ ಎತ್ತಿದಳು.